ಬೀಗದ ಗುರುತು ಮತ್ತು ವರ್ತಕರ ಹೊಣೆ

ವ್ಯಾಪಾರದಲ್ಲಿ ಸರಕಿಗೆ ಎಷ್ಟು ಬೆಲೆಯೋ ಸುದ್ದಿಗೂ ಅಷ್ಟೇ ಬೆಲೆ. ಯಾವ ಗಿರಾಕಿಗೆ ಯಾವ ದರದಲ್ಲಿ ಮಾಲು ಹೋಗುತ್ತಿದೆ, ಯಾರಿಂದ ಎಷ್ಟು ಬಾಕಿ ಬರಬೇಕಿದೆ, ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಎಷ್ಟಿದೆ ಎಂಬ ವಿವರಗಳನ್ನು ಹಿಂದಿನ ತಲೆಮಾರಿನ ವರ್ತಕರು ಗಲ್ಲಾಪೆಟ್ಟಿಗೆಯಷ್ಟೇ ಜೋಪಾನವಾಗಿ ಕಾಯುತ್ತಿದ್ದರು. ಕಿರ್ದಿ ಖಾತೆಗಳನ್ನು ಬರೆಯುವವರು ಗುಮಾಸ್ತರಾದರೂ ಅವುಗಳನ್ನಿಟ್ಟ ಬೀರುವಿನ ಬೀಗದಕೈ ಮಾಲೀಕರ ಬಳಿಯೇ ಇರುತ್ತಿತ್ತು.

ಇಂದು ಅದೇ ವಿವರಗಳು ದಿನಕ್ಕೆ ಹತ್ತಾರು ಬಾರಿ ಅಂಗಡಿಯ ಹೊಸ್ತಿಲು ದಾಟಿ ಅಂತರಜಾಲದ ಮೂಲಕ ಹೊರಗೆ ಹೋಗುತ್ತಿವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ತೆರಿಗೆ ವಿವರಪಟ್ಟಿಗಳ ಸಲ್ಲಿಕೆ ಜಾಲತಾಣದ ಮೂಲಕವೇ ನಡೆಯುತ್ತಿದೆ. 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂದಿತು; ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಅನ್ವಯಿಸಿದ್ದು ಕರ್ನಾಟಕವೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿ 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೂ ಕಡ್ಡಾಯವಾಯಿತು. ಬ್ಯಾಂಕ್ ವ್ಯವಹಾರ, ಖರೀದಿ ಆದೇಶ, ದರಪಟ್ಟಿ, ನೌಕರರ ಭವಿಷ್ಯನಿಧಿ ಎಲ್ಲವೂ ಅದೇ ದಾರಿ ಹಿಡಿದಿವೆ. ಬೇಕೆಂದವರೂ ಬೇಡವೆಂದವರೂ ಒಂದೇ ರೀತಿಯಲ್ಲಿ ಅಂತರಜಾಲದ ವರ್ತಕರಾಗಿದ್ದಾರೆ.

ಹೀಗಿರುವಾಗ, ಈ ಸುದ್ದಿ ದಾರಿಯಲ್ಲಿ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ. ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂದು ಕಾಣುವ ಗೂಢಲಿಪಿಯ ಸಂಪರ್ಕ ಈ ಪ್ರಶ್ನೆಗೆ ತಂತ್ರಜ್ಞಾನ ನೀಡಿರುವ ಉತ್ತರ. ಅದು ಇಂದು ಅಂಗಡಿಯ ಷಟರ್‌ನಷ್ಟೇ ಪ್ರಾಥಮಿಕ ಅಗತ್ಯವಾಗಿದೆ. ಅದಿಲ್ಲದ ಜಾಲತಾಣವನ್ನು ಯಾವ ಸಂಸ್ಥೆಯೂ ನಡೆಸಬಾರದು. ಆದರೆ ಷಟರ್ ಎಳೆದ ಮಾತ್ರಕ್ಕೆ ಅಂಗಡಿಯೊಳಗಿನ ಎಲ್ಲ ಅಪಾಯಗಳೂ ತಪ್ಪುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಎರಡು ಮಾತುಗಳಲ್ಲಿ ಒಂದನ್ನು ಕೇಳಿ ಇನ್ನೊಂದನ್ನು ಮರೆತವರೇ ಹೆಚ್ಚು ನಷ್ಟ ಅನುಭವಿಸುತ್ತಾರೆ.

ದಾರಿಯಲ್ಲಿನ ಅಪಾಯ

ಹುಬ್ಬಳ್ಳಿಯ ಅಂಗಡಿಯೊಂದರ ಗಣಕಯಂತ್ರದಲ್ಲಿ ಒತ್ತಿದ ಅಕ್ಷರಗಳು ನೇರವಾಗಿ ಬ್ಯಾಂಕಿನ ಗಣಕಕ್ಕೆ ಜಿಗಿಯುವುದಿಲ್ಲ. ಅವು ಮೊದಲು ಅಂಗಡಿಯ ವೈಫೈ ಪೆಟ್ಟಿಗೆಗೆ, ಅಲ್ಲಿಂದ ಅಂತರಜಾಲ ಸೇವೆ ಒದಗಿಸುವ ಸಂಸ್ಥೆಯ ಉಪಕರಣಗಳಿಗೆ, ಮುಂದೆ ಬೇರೆ ಬೇರೆ ಊರುಗಳ, ಬೇರೆ ಬೇರೆ ಸಂಸ್ಥೆಗಳ ಅನೇಕ ಯಂತ್ರಗಳ ಮೂಲಕ ಹಾದು ಗುರಿ ಮುಟ್ಟುತ್ತವೆ. ಹಳೆಯ ‘ಎಚ್‌ಟಿಟಿಪಿ’ ಪದ್ಧತಿಯಲ್ಲಿ ಈ ಅಕ್ಷರಗಳು ಇದ್ದ ಹಾಗೆಯೇ ಸಾಗುತ್ತವೆ. ಅಂಚೆ ಕಾರ್ಡಿನಲ್ಲಿ ಬರೆದ ದರವನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾಗಿದ್ದಂತೆ ಇವನ್ನೂ ಓದಬಹುದು. ಅಷ್ಟೇ ಅಲ್ಲ, ತಿದ್ದಲೂಬಹುದು. ತಿದ್ದಿದ ಗುರುತು ಸಿಗುವುದಿಲ್ಲ.

ಇದು ಪುಸ್ತಕದ ಭಯವಲ್ಲ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ತಂತ್ರಾಂಶ ತಜ್ಞರು ‘ಫೈರ್‌ಶೀಪ್’ ಎಂಬ ಸಣ್ಣ ಉಪಕರಣವೊಂದನ್ನು ಬಹಿರಂಗಪಡಿಸಿದರು. ಆ ಕಾಲದ ಅನೇಕ ಪ್ರಸಿದ್ಧ ಜಾಲತಾಣಗಳು ಗುಪ್ತಪದ ನೀಡುವ ಪುಟಕ್ಕೆ ಮಾತ್ರ ಗೂಢಲಿಪಿ ಬಳಸಿ, ಉಳಿದ ಪುಟಗಳನ್ನು ತೆರೆದೇ ಬಿಡುತ್ತಿದ್ದವು. ಒಂದೇ ತೆರೆದ ವೈಫೈ ಬಳಸುತ್ತಿರುವ ಅಪರಿಚಿತರ ಖಾತೆಗಳಿಗೆ, ಅವರ ಗುಪ್ತಪದ ತಿಳಿಯದೆಯೇ, ಒಂದೆರಡು ಕ್ಲಿಕ್‌ಗಳಲ್ಲಿ ಪ್ರವೇಶ ಪಡೆಯಬಹುದೆಂದು ಬಟ್ಲರ್ ತೋರಿಸಿದರು. ಜಿಮೇಲ್ ಅದೇ ವರ್ಷದ ಜನವರಿಯಲ್ಲಿಯೇ ಪೂರ್ಣ ಗೂಢಲಿಪಿಗೆ ಬದಲಾಗಿತ್ತು. ಫೇಸ್‌ಬುಕ್ ಎಲ್ಲ ಬಳಕೆದಾರರಿಗೂ ಅದನ್ನು ಅನ್ವಯಿಸಿದ್ದು 2013ರಲ್ಲಿ. ಬಾಗಿಲಿಗೆ ಮಾತ್ರ ಬೀಗ ಹಾಕಿ ಕಿಟಕಿಗಳನ್ನು ತೆರೆದಿಡುವುದರಿಂದ ಪ್ರಯೋಜನವಿಲ್ಲ ಎಂಬ ಪಾಠವನ್ನು ಲೋಕ ಕಲಿತದ್ದು ಹೀಗೆ.

ಎರಡನೆಯ ಉದಾಹರಣೆ ಬೆಂಗಳೂರಿನದೇ. 2015ರಲ್ಲಿ ನಗರದ ತಂತ್ರಜ್ಞರೊಬ್ಬರು ತಮ್ಮದೇ ಜಾಲತಾಣವನ್ನು ಮೊಬೈಲ್ ಸಂಪರ್ಕದ ಮೂಲಕ ತೆರೆದಾಗ, ಅದರ ಪುಟದೊಳಗೆ ತಾವು ಬರೆಯದ ಸಂಕೇತದ ಸಾಲುಗಳು ಸೇರಿರುವುದನ್ನು ಪತ್ತೆಹಚ್ಚಿದರು. ಸಂಪರ್ಕ ಒದಗಿಸುವ ಹಂತದಲ್ಲಿಯೇ ಅವು ಸೇರಿಕೊಂಡಿದ್ದವು. ಪುಟವು ಗೂಢಲಿಪಿಯಲ್ಲಿ ಸಾಗದೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ದಾರಿಯಲ್ಲಿರುವವರು ಸಂಕೇತ ಸೇರಿಸಬಲ್ಲರಾದರೆ ಜಾಹೀರಾತನ್ನೂ ಸೇರಿಸಬಲ್ಲರು, ದರಪಟ್ಟಿಯ ಅಂಕಿಯನ್ನೂ ಬದಲಿಸಬಲ್ಲರು, ಹಣ ಕಳುಹಿಸಬೇಕಾದ ಖಾತೆಯ ಸಂಖ್ಯೆಯನ್ನೂ ಬದಲಿಸಬಲ್ಲರು.

ಗೂಢಲಿಪಿಯ ಕಾರ್ಯವಿಧಾನ

ಗೂಢಲಿಪಿ ಎಂಬುದು ರಾಜಮಹಾರಾಜರ ಕಾಲದಿಂದಲೂ ಇದ್ದ ವಿದ್ಯೆ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ತೊಡಕಿತ್ತು. ಬರೆಯುವವರೂ ಓದುವವರೂ ಮೊದಲೇ ಭೇಟಿಯಾಗಿ ಸಂಕೇತದ ಕೀಲಿಯನ್ನು ಹಂಚಿಕೊಂಡಿರಬೇಕಿತ್ತು. ಎಂದೂ ಮುಖ ನೋಡದ ಗ್ರಾಹಕ ಮತ್ತು ಅಂಗಡಿಯ ನಡುವೆ ಇದು ಅಸಾಧ್ಯ. 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಈ ತೊಡಕನ್ನು ಬಿಡಿಸಿದರು. ಇಬ್ಬರೂ ತಮ್ಮಲ್ಲಿ ಒಂದೊಂದು ರಹಸ್ಯ ಸಂಖ್ಯೆಯನ್ನು ಇಟ್ಟುಕೊಂಡು, ಅದರಿಂದ ಲೆಕ್ಕ ಹಾಕಿ ಪಡೆದ ಇನ್ನೊಂದು ಸಂಖ್ಯೆಯನ್ನು ಬಹಿರಂಗವಾಗಿ ವಿನಿಮಯ ಮಾಡಿಕೊಂಡರೆ, ಕೊನೆಗೆ ಇಬ್ಬರಿಗೂ ಒಂದೇ ಕೀಲಿ ದೊರೆಯುತ್ತದೆ. ವಿನಿಮಯವನ್ನು ಆದ್ಯಂತ ನೋಡಿದ ಮೂರನೆಯವರಿಗೆ ಆ ಕೀಲಿ ದೊರೆಯುವುದಿಲ್ಲ. ಮರುವರ್ಷ, 1977ರಲ್ಲಿ, ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ರೂಪಿಸಿದ ಪದ್ಧತಿಯು ಅವರ ಹೆಸರುಗಳ ಮೊದಲ ಅಕ್ಷರಗಳಿಂದ ‘ಆರ್‌ಎಸ್‌ಎ’ ಎಂದು ಪ್ರಸಿದ್ಧವಾಯಿತು.

ಈ ಗಣಿತವನ್ನು ಅಂತರಜಾಲದ ಪುಟಗಳಿಗೆ ಅಳವಡಿಸಿದ್ದು ನೆಟ್‌ಸ್ಕೇಪ್ ಸಂಸ್ಥೆ. 1995ರಲ್ಲಿ ಅದು ಬಿಡುಗಡೆ ಮಾಡಿದ ‘ಎಸ್‌ಎಸ್‌ಎಲ್’ ಕಾಲಕ್ರಮದಲ್ಲಿ ಸುಧಾರಣೆಗೊಂಡು 1999ರಲ್ಲಿ ‘ಟಿಎಲ್‌ಎಸ್’ ಎಂಬ ಹೊಸ ಹೆಸರು ಪಡೆಯಿತು. 2008ರಲ್ಲಿ ಅದರ 1.2ನೆಯ ಆವೃತ್ತಿಯೂ 2018ರ ಆಗಸ್ಟ್‌ನಲ್ಲಿ 1.3ನೆಯ ಆವೃತ್ತಿಯೂ ಬಂದವು. ಅದಕ್ಕೂ ಹಿಂದಿನ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಬಳಕೆಗೆ ಯೋಗ್ಯವಲ್ಲವೆಂದು ವಿಧಿವತ್ತಾಗಿ ಕೈಬಿಡಲಾಯಿತು. ರೂಢಿಯಲ್ಲಿ ಇಂದಿಗೂ ‘ಎಸ್‌ಎಸ್‌ಎಲ್ ಸರ್ಟಿಫಿಕೇಟ್’ ಎಂದೇ ಕರೆದರೂ ಕೆಲಸ ಮಾಡುತ್ತಿರುವುದು ಟಿಎಲ್‌ಎಸ್.

ಈ ಸಂಪರ್ಕವು ಮೂರು ಸೇವೆಗಳನ್ನು ಒಟ್ಟಿಗೆ ಸಲ್ಲಿಸುತ್ತದೆ. ಮೊದಲನೆಯದು ಗೋಪ್ಯತೆ: ದಾರಿಯಲ್ಲಿರುವವರಿಗೆ ಅರ್ಥವಿಲ್ಲದ ಅಕ್ಷರರಾಶಿಯಷ್ಟೇ ಕಾಣುತ್ತದೆ. ಎರಡನೆಯದು ಅಖಂಡತೆ: ಒಂದೇ ಒಂದು ಅಕ್ಷರ ಬದಲಾದರೂ ಸ್ವೀಕರಿಸುವ ಯಂತ್ರಕ್ಕೆ ತಿಳಿದು ಅದು ಸಂಪರ್ಕವನ್ನು ಕಡಿದುಹಾಕುತ್ತದೆ. ಮೂರನೆಯದು ಗುರುತಿನ ದೃಢೀಕರಣ: ಆ ತುದಿಯಲ್ಲಿರುವುದು ವಿಳಾಸದಲ್ಲಿ ಬರೆದಿರುವ ಜಾಲತಾಣವೇ ಎಂಬುದು ಖಚಿತವಾಗುತ್ತದೆ. ಇದಲ್ಲದೆ, ಹೊಸ ಆವೃತ್ತಿಯಲ್ಲಿ ಪ್ರತಿ ಸಂಪರ್ಕಕ್ಕೂ ಹೊಸ ಕೀಲಿ ಸಿದ್ಧವಾಗುವುದರಿಂದ, ಇಂದಿನ ಸಂವಾದವನ್ನು ಯಾರಾದರೂ ನಕಲು ಮಾಡಿಟ್ಟುಕೊಂಡು ಮುಂದೆ ಜಾಲತಾಣದ ಖಾಸಗಿ ಕೀಲಿಯನ್ನೇ ಕದ್ದರೂ ಹಳೆಯ ಸಂವಾದವನ್ನು ಬಿಚ್ಚಲಾಗುವುದಿಲ್ಲ.

ಒಂದು ಮಿತಿಯನ್ನು ಇಲ್ಲಿಯೇ ಗಮನಿಸಬೇಕು. ತಾಡಪಾಲು ಮುಚ್ಚಿ ಮೊಹರು ಹಾಕಿದ ಲಾರಿಯೊಳಗೆ ಏನಿದೆ ಎಂಬುದು ಹೊರಗಿನವರಿಗೆ ಕಾಣದಿದ್ದರೂ ಲಾರಿ ಎತ್ತ ಹೋಗುತ್ತಿದೆ ಎಂಬುದು ಕಾಣುತ್ತದೆ. ಹಾಗೆಯೇ ಯಾವ ಜಾಲತಾಣಕ್ಕೆ ಸಂಪರ್ಕ ಏರ್ಪಟ್ಟಿತು, ಎಷ್ಟು ಹೊತ್ತು, ಎಷ್ಟು ಪ್ರಮಾಣದ ದತ್ತಾಂಶ ಹರಿಯಿತು ಎಂಬುದನ್ನು ಸೇವೆ ಒದಗಿಸುವವರು ಸಾಮಾನ್ಯವಾಗಿ ತಿಳಿಯಬಲ್ಲರು. ಯಾವ ಪುಟ ತೆರೆಯಿತು, ಅದರಲ್ಲಿ ಏನು ಬರೆಯಲಾಯಿತು ಎಂಬುದನ್ನು ತಿಳಿಯಲಾರರು.

ಪ್ರಮಾಣಪತ್ರವೆಂಬ ಜಾಮೀನು

ಮೂರನೆಯ ಸೇವೆಯಾದ ಗುರುತಿನ ದೃಢೀಕರಣ ವರ್ತಕರಿಗೆ ಸುಲಭವಾಗಿ ಅರ್ಥವಾಗತಕ್ಕ ವಿಷಯ. ಹುಂಡಿಯ ಕಾಲದಲ್ಲಿ ಹುಂಡಿ ಬರೆದವರ ಪರಿಚಯವಿಲ್ಲದಿದ್ದರೂ ಅದರ ಮೇಲಿನ ಹೆಸರಾಂತ ಶರಾಫರ ಸಹಿಯನ್ನು ನಂಬಿ ಹಣ ಕೊಡುವ ಪದ್ಧತಿಯಿತ್ತು. ಅಂತರಜಾಲದಲ್ಲಿ ಶರಾಫರ ಸ್ಥಾನದಲ್ಲಿರುವವು ಪ್ರಮಾಣಪತ್ರ ನೀಡುವ ಪ್ರಾಧಿಕಾರಗಳು. ‘ಈ ಕೀಲಿ ಈ ವಿಳಾಸದ್ದೇ’ ಎಂದು ಅವು ಸಹಿ ಹಾಕುತ್ತವೆ. ಯಾವ ಪ್ರಾಧಿಕಾರಗಳನ್ನು ನಂಬಬೇಕೆಂಬ ಪಟ್ಟಿ ಬ್ರೌಸರ್‌ನಲ್ಲಿ ಅಥವಾ ಗಣಕದ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮೊದಲೇ ಅಡಕವಾಗಿರುತ್ತದೆ.

ಜಾಮೀನುದಾರರೇ ಎಡವಿದರೆ ಏನಾಗುತ್ತದೆ ಎಂಬುದಕ್ಕೆ 2011ರ ನೆದರ್‌ಲೆಂಡ್ಸ್ ಪ್ರಕರಣ ಸಾಕ್ಷಿ. ಅಲ್ಲಿನ ಡಿಜಿನೋಟಾರ್ ಎಂಬ ಪ್ರಾಧಿಕಾರದ ಗಣಕಗಳಿಗೆ ನುಗ್ಗಿದವರು ಗೂಗಲ್‌ನ ವಿಳಾಸವೂ ಸೇರಿದಂತೆ 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದರು. ಅವನ್ನು ಇರಾನಿನ ಬಳಕೆದಾರರ ಮೇಲೆ ಬಳಸಲಾಯಿತು. ಬ್ರೌಸರ್ ತಯಾರಕರು ಆ ಪ್ರಾಧಿಕಾರವನ್ನು ತಮ್ಮ ಪಟ್ಟಿಯಿಂದ ಕಿತ್ತುಹಾಕಿದರು. ಸೆಪ್ಟೆಂಬರ್‌ನಲ್ಲಿ ಅದು ದಿವಾಳಿಯಾಯಿತು. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದಲೂ ಗೂಗಲ್ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ, ಮೇಲಿನ ಪ್ರಾಧಿಕಾರವು ತಕ್ಷಣವೇ ಸಂಬಂಧಿತ ಅಧಿಕಾರಪತ್ರಗಳನ್ನು ರದ್ದುಗೊಳಿಸಬೇಕಾಯಿತು. ಈ ಪ್ರಕರಣಗಳ ನಂತರ ಪ್ರತಿ ಪ್ರಮಾಣಪತ್ರವನ್ನೂ ಸಾರ್ವಜನಿಕ ದಾಖಲೆಗೆ ಸೇರಿಸಬೇಕೆಂಬ ನಿಯಮ ಬಲಗೊಂಡಿತು. ಕ್ರೋಮ್ ಬ್ರೌಸರ್ 2018ರಿಂದ ಹೊಸ ಪ್ರಮಾಣಪತ್ರಗಳಿಗೆ ಅದನ್ನು ಕಡ್ಡಾಯಗೊಳಿಸಿತು. ನಂಬಿಕೆಯ ವ್ಯವಸ್ಥೆ ಎಂದೂ ದೋಷರಹಿತವಲ್ಲ. ದೋಷ ಕಂಡಾಗ ತಿದ್ದಿಕೊಳ್ಳುವುದರಿಂದಲೇ ಅದು ಬಾಳುತ್ತದೆ.

ಬೀಗವು ಕಾಯದ ಸಂಗತಿಗಳು

ಇಲ್ಲಿಂದ ಮುಂದಿನದು ವರ್ತಕರು ವಿಶೇಷವಾಗಿ ಗಮನಿಸಬೇಕಾದ ಭಾಗ. ವಿಳಾಸಪಟ್ಟಿಯಲ್ಲಿ ಬೀಗದ ಗುರುತು ಕಂಡರೆ ‘ಈ ಜಾಲತಾಣ ಪ್ರಾಮಾಣಿಕವಾದುದು’ ಎಂಬ ಅಭಿಪ್ರಾಯ ಜನಜನಿತವಾಗಿದೆ. ಅದು ತಪ್ಪು. ಬೀಗವು ಹೇಳುವುದು ದಾರಿ ಸುರಕ್ಷಿತ ಎಂದಷ್ಟೇ. ದಾರಿಯ ಕೊನೆಯಲ್ಲಿ ಕುಳಿತವರು ಸಜ್ಜನರೋ ವಂಚಕರೋ ಎಂಬುದನ್ನು ಅದು ಹೇಳುವುದಿಲ್ಲ. ಸಾಮಾನ್ಯ ದರ್ಜೆಯ ಪ್ರಮಾಣಪತ್ರ ಪಡೆಯಲು ಆ ವಿಳಾಸ ತಮ್ಮ ಹತೋಟಿಯಲ್ಲಿದೆ ಎಂದು ತೋರಿಸಿದರೆ ಸಾಕು. ಬ್ಯಾಂಕೊಂದರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ವಿಳಾಸ ಕೊಂಡ ವಂಚಕರೂ ಕೆಲವೇ ನಿಮಿಷಗಳಲ್ಲಿ ಅಂತಹ ಪ್ರಮಾಣಪತ್ರ ಪಡೆಯಬಲ್ಲರು. ಅಂತಹ ತಾಣದಲ್ಲಿ ನೀಡಿದ ಗುಪ್ತಪದ ಅತ್ಯಂತ ಸುರಕ್ಷಿತವಾಗಿ ಕಳ್ಳರ ಕೈ ಸೇರುತ್ತದೆ.

ಗೂಗಲ್ ಸಂಸ್ಥೆಯು 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಭಾಗವಹಿಸಿದವರಲ್ಲಿ ಕೇವಲ ಶೇ. 11ರಷ್ಟು ಮಂದಿ ಬೀಗದ ಗುರುತಿನ ನಿಜವಾದ ಅರ್ಥವನ್ನು ಸರಿಯಾಗಿ ತಿಳಿದಿದ್ದರು. ಈ ಕಾರಣದಿಂದಲೇ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರ್ ಬೀಗದ ಚಿತ್ರವನ್ನು ತೆಗೆದು ಬೇರೊಂದು ಗುರುತನ್ನು ಇರಿಸಿತು. ಅದಕ್ಕೂ ಮೊದಲು, 2018ರ ಜುಲೈನಿಂದ, ಗೂಢಲಿಪಿಯಿಲ್ಲದ ಪುಟಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸಲು ಅದು ಆರಂಭಿಸಿತ್ತು. ಗೂಢಲಿಪಿ ಇರುವುದು ವಿಶೇಷವಲ್ಲ, ಇಲ್ಲದಿರುವುದೇ ದೋಷ ಎಂಬುದು ಇದರ ತಾತ್ಪರ್ಯ.

ಆದುದರಿಂದ ಬೀಗಕ್ಕಿಂತ ಮೊದಲು ವಿಳಾಸವನ್ನು ಓದುವ ಅಭ್ಯಾಸ ಅಗತ್ಯ. ಈ ದಿಸೆಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಕೈಗೊಂಡ ಕ್ರಮ ಸ್ವಾಗತಾರ್ಹ. ಬ್ಯಾಂಕುಗಳಿಗೆ ಮಾತ್ರ ದೊರೆಯುವ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ವಿಳಾಸವನ್ನು ಅದು 2025ರ ಫೆಬ್ರವರಿಯಲ್ಲಿ ಪ್ರಕಟಿಸಿ, ಎಲ್ಲ ಬ್ಯಾಂಕುಗಳೂ ಅದೇ ವರ್ಷದ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಸೂಚಿಸಿತು. ವಿಳಾಸವು ಹೀಗೆ ಕೊನೆಗೊಳ್ಳದಿದ್ದರೆ ನೆಟ್ ಬ್ಯಾಂಕಿಂಗ್ ಗುಪ್ತಪದ ನೀಡುವ ಮುನ್ನ ಒಂದು ಕ್ಷಣ ನಿಂತು ವಿಚಾರಿಸಬೇಕು. ಈ ಒಂದು ಮಾತನ್ನು ಪ್ರತಿ ಗುಮಾಸ್ತರಿಗೂ ಕಲಿಸುವುದು ಮಾಲೀಕರ ಕರ್ತವ್ಯ.

ಬೀಗವು ಕಾಯದ ಎರಡನೆಯ ಸಂಗತಿ ಮಿಂಚಂಚೆಯಲ್ಲಿ ಬರುವ ಸುಳ್ಳು. ವರ್ಷಗಳಿಂದ ಕಚ್ಚಾಮಾಲು ಒದಗಿಸುತ್ತಿರುವ ಸಂಸ್ಥೆಯ ಹೆಸರಿನಲ್ಲಿ ಒಂದು ದಿನ ಪತ್ರ ಬರುತ್ತದೆ: ‘ಲೆಕ್ಕಪರಿಶೋಧನೆಯ ಕಾರಣ ಹಳೆಯ ಖಾತೆ ಸ್ಥಗಿತಗೊಂಡಿದೆ, ಈ ಬಾರಿಯ ಹಣವನ್ನು ಹೊಸ ಖಾತೆಗೆ ಕಳುಹಿಸಿರಿ.’ ಹಣ ಕಳುಹಿಸಿದ ಬ್ಯಾಂಕಿನ ಸಂಪರ್ಕ ಸುರಕ್ಷಿತವಾಗಿಯೇ ಇರುತ್ತದೆ. ಮೊತ್ತದಲ್ಲಿ ಒಂದು ಪೈಸೆಯೂ ದಾರಿಯಲ್ಲಿ ಬದಲಾಗಿರುವುದಿಲ್ಲ. ಆದರೂ ಹಣ ಹೋಗಿರುತ್ತದೆ. ಇದಕ್ಕೆ ಗಣಿತದಲ್ಲಿ ಪರಿಹಾರವಿಲ್ಲ. ಪತ್ರದಲ್ಲಿರುವ ದೂರವಾಣಿ ಸಂಖ್ಯೆಗಲ್ಲದೆ, ಹಳೆಯ ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಗೆ ಕರೆ ಮಾಡಿ ಬಾಯಿಮಾತಿನಲ್ಲಿ ಖಚಿತಪಡಿಸಿಕೊಳ್ಳುವುದೊಂದೇ ಪರಿಹಾರ.

ಮೂರನೆಯದು ದಾರಿಯ ಎರಡು ತುದಿಗಳು. ಗೂಢಲಿಪಿ ಆರಂಭವಾಗುವುದು ಅಂಗಡಿಯ ಗಣಕದಿಂದ. ಅದಕ್ಕೂ ಮೊದಲು ಕೀಲಿಮಣೆಯ ಪ್ರತಿ ಅಕ್ಷರವನ್ನೂ ಕದಿಯುವ ತಂತ್ರಾಂಶ ಆ ಗಣಕದಲ್ಲೇ ಸೇರಿಕೊಂಡಿದ್ದರೆ ಸಂಪರ್ಕದ ಭದ್ರತೆ ವ್ಯರ್ಥ. ಲೆಕ್ಕಪತ್ರ, ಮಕ್ಕಳ ಆಟ, ಚಲನಚಿತ್ರ ಮತ್ತು ನೆಟ್ ಬ್ಯಾಂಕಿಂಗ್ ಎಲ್ಲಕ್ಕೂ ಒಂದೇ ಗಣಕ ಬಳಸುವ ಅಂಗಡಿಗಳು ಕಡಿಮೆಯೇನಲ್ಲ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದ ವಿಂಡೋಸ್ 7ರಲ್ಲೇ ದುಡಿಯುವ ಯಂತ್ರವನ್ನು ಹಣಕಾಸಿನ ಕೆಲಸಕ್ಕೆ ಬಳಸುವುದೂ ಇದೇ ಬಗೆಯ ಅಪಾಯ. ಇನ್ನೊಂದು ತುದಿಯಲ್ಲಿ ಜಾಲತಾಣದ ಗಣಕವನ್ನು ಮುಟ್ಟಿದ ಕೂಡಲೇ ಮಾಹಿತಿ ಮತ್ತೆ ಸಾದಾ ಅಕ್ಷರಗಳಾಗುತ್ತದೆ. ಅಲ್ಲಿ ಅದನ್ನು ಹೇಗೆ ಇಡಲಾಗಿದೆ ಎಂಬುದಕ್ಕೂ ಬೀಗಕ್ಕೂ ಸಂಬಂಧವಿಲ್ಲ.

ನಾಲ್ಕನೆಯದು ಸಲುಗೆ. ಜಿಎಸ್‌ಟಿ ಖಾತೆಯ ಹೆಸರು, ಗುಪ್ತಪದ ಎರಡನ್ನೂ ತೆರಿಗೆ ಸಲಹೆಗಾರರ ಕಚೇರಿಗೆ ಕೊಟ್ಟು, ನೋಂದಾಯಿತ ಮೊಬೈಲ್ ಸಂಖ್ಯೆಯನ್ನೂ ಅವರದೇ ಇಟ್ಟು ನಿಶ್ಚಿಂತರಾಗುವ ಪದ್ಧತಿ ಸಣ್ಣ ವ್ಯಾಪಾರಿಗಳಲ್ಲಿದೆ. ಆ ಕಚೇರಿಯಲ್ಲಿ ಹಲವು ಕಕ್ಷಿದಾರರ ಗುಪ್ತಪದಗಳು ಒಂದೇ ಪಟ್ಟಿಯಲ್ಲಿ ಅಥವಾ ಗೋಡೆಗೆ ಅಂಟಿಸಿದ ಕಾಗದದಲ್ಲಿ ಇದ್ದರೆ ಪ್ರಪಂಚದ ಯಾವ ಗೂಢಲಿಪಿಯೂ ನೆರವಿಗೆ ಬಾರದು. ಸಲಹೆಗಾರರ ಪ್ರಾಮಾಣಿಕತೆ ಪ್ರಶ್ನಾತೀತವಾಗಿರಬಹುದು. ಆದರೆ ಅಲ್ಲಿಗೆ ನಿನ್ನೆ ಸೇರಿ ನಾಳೆ ಬಿಟ್ಟುಹೋಗುವ ಸಹಾಯಕರೆಲ್ಲರ ಬಗ್ಗೆ ಆ ಮಾತು ಹೇಳಲಾಗದು. ಬ್ಯಾಂಕ್ ಚೆಕ್‌ಪುಸ್ತಕಕ್ಕೆ ಮೊದಲೇ ಸಹಿ ಹಾಕಿ ಕೊಡದ ವರ್ತಕರು ಗುಪ್ತಪದವನ್ನು ಕೊಡುವುದು ಏಕೆ ಎಂಬುದು ವಿಚಾರಾರ್ಹ.

‘ಸಣ್ಣವರಿಗೆ ಇದೇಕೆ’ ಎಂಬ ವಾದ

ಗೂಢಲಿಪಿಯ ಬಗ್ಗೆ ಸಣ್ಣ ಉದ್ದಿಮೆದಾರರು ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ತಮ್ಮ ಜಾಲತಾಣದಲ್ಲಿ ಹಣ ಪಡೆಯುವ ವ್ಯವಸ್ಥೆಯೇ ಇಲ್ಲ, ಬರೀ ಉತ್ಪನ್ನಗಳ ಚಿತ್ರಗಳಿವೆ ಎಂಬುದು ಮೊದಲನೆಯದು. ಆದರೆ ಅದೇ ತಾಣದಲ್ಲಿ ‘ವಿಚಾರಣೆ’ ಎಂಬ ಪುಟವಿರುತ್ತದೆ. ಗಿರಾಕಿಗಳು ತಮ್ಮ ಹೆಸರು, ದೂರವಾಣಿ, ಬೇಕಾದ ಮಾಲಿನ ಪ್ರಮಾಣ ಬರೆಯುತ್ತಾರೆ. ತಾಣವನ್ನು ತಿದ್ದಲು ನಿರ್ವಾಹಕರು ಗುಪ್ತಪದ ಬಳಸುತ್ತಾರೆ. ಅದು ತೆರೆದ ದಾರಿಯಲ್ಲಿ ಸಾಗಿದರೆ ನಾಳೆ ಉತ್ಪನ್ನದ ಚಿತ್ರದ ಜಾಗದಲ್ಲಿ ಮತ್ತೇನಾದರೂ ಕಾಣಬಹುದು. ಮೇಲಾಗಿ, ದೂರದ ಖರೀದಿದಾರರು ಮೊದಲ ಬಾರಿಗೆ ತಾಣ ತೆರೆದಾಗ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಂಡರೆ ಸಂಸ್ಥೆಯ ಬಗ್ಗೆ ಅವರಿಗೆ ಎಂತಹ ಅಭಿಪ್ರಾಯ ಮೂಡೀತು? ಗೂಗಲ್ ಹುಡುಕುತಾಣವು 2014ರ ಆಗಸ್ಟ್‌ನಿಂದಲೇ ಗೂಢಲಿಪಿಯುಳ್ಳ ತಾಣಗಳಿಗೆ ಅಲ್ಪ ಪ್ರಾಶಸ್ತ್ಯ ನೀಡಲು ಆರಂಭಿಸಿತು ಎಂಬುದೂ ಮರೆಯತಕ್ಕದ್ದಲ್ಲ.

ಎರಡನೆಯ ಆಕ್ಷೇಪ ವೆಚ್ಚದ್ದು. ಹಿಂದೆ ಪ್ರಮಾಣಪತ್ರಕ್ಕೆ ವರ್ಷಕ್ಕೆ ಸಾವಿರಾರು ರೂಪಾಯಿ ತೆರಬೇಕಾಗಿತ್ತು ಎಂಬುದು ನಿಜ. 2015ರ ಡಿಸೆಂಬರ್‌ನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ಪ್ರಾಧಿಕಾರವು ಸಾರ್ವಜನಿಕರಿಗೆ ತೆರೆದುಕೊಂಡು ಉಚಿತವಾಗಿ ಪ್ರಮಾಣಪತ್ರ ನೀಡಲು ಆರಂಭಿಸಿದ ಮೇಲೆ ಈ ಮಾತಿಗೆ ಆಧಾರವಿಲ್ಲದಾಯಿತು. ಸಾಮಾನ್ಯ ಜಾಲತಾಣಕ್ಕೆ ಉಚಿತ ಪ್ರಮಾಣಪತ್ರ ನೀಡುವ ಗೂಢಲಿಪಿಯ ಬಲ, ಹಣ ಕೊಟ್ಟು ಪಡೆದ ಪ್ರಮಾಣಪತ್ರದ್ದಕ್ಕಿಂತ ಕಡಿಮೆಯಲ್ಲ. ಅದರ ಹೆಸರಿನಲ್ಲಿ ಜಾಲತಾಣ ನಿರ್ಮಾಪಕರು ದೊಡ್ಡ ಮೊತ್ತದ ಬಿಲ್ಲು ಕಳುಹಿಸಿದರೆ ಕಾರಣ ಕೇಳುವ ಹಕ್ಕು ಗಿರಾಕಿಗಿದೆ.

ನಿರ್ವಹಣೆಯ ತೊಂದರೆ ಮೂರನೆಯ ಆಕ್ಷೇಪ, ಮತ್ತು ಮೂರರಲ್ಲಿ ತಿರುಳಿರುವುದು ಇದಕ್ಕೇ. ಪ್ರಮಾಣಪತ್ರಕ್ಕೆ ಅವಧಿಯಿದೆ, ಮುಗಿದ ದಿನ ತಾಣದ ಬದಲು ಅಪಾಯದ ಎಚ್ಚರಿಕೆ ಕಾಣುತ್ತದೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ ಅವಧಿ 398 ದಿನಗಳಷ್ಟಿತ್ತು. ಬ್ರೌಸರ್ ತಯಾರಕರು ಮತ್ತು ಪ್ರಾಧಿಕಾರಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಣಯದಂತೆ ಅದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನಗಳೆಂದು ಗೊತ್ತುಪಡಿಸಲಾಗಿದೆ. ವರ್ಷಕ್ಕೊಮ್ಮೆ ಯಾರಾದರೂ ಕೈಯಾರೆ ನವೀಕರಿಸುವ ಪದ್ಧತಿ ಇನ್ನು ನಡೆಯುವುದಿಲ್ಲ. ನವೀಕರಣ ತನ್ನಷ್ಟಕ್ಕೆ ತಾನೇ ಆಗುವ ವ್ಯವಸ್ಥೆಯನ್ನು ಈಗಲೇ ಮಾಡಿಸಿಕೊಳ್ಳಬೇಕು. ಇದಕ್ಕೆ ಮೊದಲು ಇನ್ನೊಂದು ಕೆಲಸವಿದೆ: ಜಾಲತಾಣದ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ಪರಿಶೀಲಿಸುವುದು. ಎಷ್ಟೋ ಸಂಸ್ಥೆಗಳ ವಿಳಾಸ ಅದನ್ನು ನಿರ್ಮಿಸಿಕೊಟ್ಟ ಹುಡುಗರ ಹೆಸರಿನಲ್ಲೇ ಉಳಿದಿರುತ್ತದೆ. ಅವರು ಊರು ಬಿಟ್ಟರೆ ಪ್ರಮಾಣಪತ್ರವನ್ನು ನವೀಕರಿಸುವುದಿರಲಿ, ಸ್ವಂತ ಹೆಸರಿನ ಫಲಕವನ್ನೇ ಮರಳಿ ಪಡೆಯುವುದು ಕಷ್ಟವಾಗುತ್ತದೆ.

ಕಾನೂನಿನ ದೃಷ್ಟಿ

ಇದು ಕೇವಲ ಜಾಣತನದ ವಿಷಯವಾಗಿ ಉಳಿದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯು, ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಕಾಯುವಲ್ಲಿ ನಿರ್ಲಕ್ಷ್ಯ ತೋರಿದ ಸಂಸ್ಥೆಗಳು ಪರಿಹಾರ ಕೊಡಬೇಕೆಂಬ ತತ್ತ್ವವನ್ನು 43ಎ ಪ್ರಕರಣದ ಮೂಲಕ ಅಳವಡಿಸಿತು. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನಷ್ಟು ಮುಂದೆ ಹೋಗಿದೆ. ಸಮಂಜಸವಾದ ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಯಾದಲ್ಲಿ ಅದು ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. 2025ರ ನವೆಂಬರ್‌ನಲ್ಲಿ ಹೊರಬಿದ್ದ ಅದರ ನಿಯಮಗಳು ಭದ್ರತಾ ಕ್ರಮಗಳಲ್ಲಿ ಗೂಢಲಿಪಿಯನ್ನು ಹೆಸರಿಸಿವೆ. ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶವನ್ನು ಅವು ನೀಡಿದವು. ಗಿರಾಕಿಗಳ ಹೆಸರು, ಮೊಬೈಲ್ ಸಂಖ್ಯೆ, ವಿಳಾಸಗಳನ್ನು ಗಣಕದಲ್ಲಿ ಇಟ್ಟುಕೊಂಡ ಪ್ರತಿ ವ್ಯಾಪಾರಿಯೂ ಈ ಕಾಯ್ದೆಯ ಪರಿಧಿಗೆ ಬರಬಲ್ಲರು.

ಇದಲ್ಲದೆ, ಗಣಕ ಭದ್ರತೆಗೆ ಸಂಬಂಧಿಸಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶಿಸಿತು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಆ ಆದೇಶದ ಪಾಲನೆಗೆ ಅದೇ ವರ್ಷದ ಸೆಪ್ಟೆಂಬರ್ 25ರವರೆಗೆ ಅವಕಾಶವಿತ್ತು. ಕಾರ್ಡುಗಳ ಪೂರ್ಣ ಸಂಖ್ಯೆಯನ್ನು ವರ್ತಕರು ತಮ್ಮಲ್ಲಿ ಇಟ್ಟುಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್ 1ರಿಂದ ನಿಷೇಧಿಸಿತು. ಹಣ ಕಳೆದುಕೊಂಡ ಖಾತೆದಾರರ ಹೊಣೆಯ ಬಗ್ಗೆ ಅದೇ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲವೆಂದೂ, ಗುಪ್ತಪದವನ್ನು ತಾವೇ ಹಂಚಿಕೊಂಡಿದ್ದರೆ ದೂರು ನೀಡುವವರೆಗಿನ ನಷ್ಟ ಪೂರ್ತಿ ಅವರದೇ ಎಂದೂ ವಿವರಿಸಿತ್ತು. ಗುಪ್ತಪದ ಹಂಚಿಕೊಳ್ಳುವ ಸಲುಗೆಯ ಬೆಲೆ ಇದರಿಂದ ಸ್ಪಷ್ಟವಾಗುತ್ತದೆ.

ಆಗಬೇಕಾದ ಕೆಲಸ

ಹಾಗಾದರೆ ಸದಸ್ಯರು ಮಾಡಬೇಕಾದುದೇನು? ಸಂಸ್ಥೆಯ ಜಾಲತಾಣದ ಎಲ್ಲ ಪುಟಗಳೂ, ಗುಪ್ತಪದದ ಪುಟ ಮಾತ್ರವಲ್ಲ, ಗೂಢಲಿಪಿಯಲ್ಲೇ ತೆರೆಯುವಂತಿರಬೇಕು. ಹಳೆಯ ವಿಳಾಸ ಒತ್ತಿದವರನ್ನೂ ಸುರಕ್ಷಿತ ವಿಳಾಸಕ್ಕೆ ಕೊಂಡೊಯ್ಯುವಂತಿರಬೇಕು. ವಿಳಾಸದ ನೋಂದಣಿ ಸಂಸ್ಥೆಯ ಹೆಸರಿನಲ್ಲಿರಬೇಕು. ಬ್ಯಾಂಕ್ ವ್ಯವಹಾರಕ್ಕೆ ಪ್ರತ್ಯೇಕ ಗಣಕವಿದ್ದರೆ ಉತ್ತಮ. ಗಿರಾಕಿಗಳಿಗೆ ನೀಡುವ ವೈಫೈ ಮತ್ತು ಲೆಕ್ಕಪತ್ರದ ಗಣಕಕ್ಕೆ ಬಳಸುವ ವೈಫೈ ಬೇರೆಯಾಗಿರಬೇಕು. ಬ್ರೌಸರ್ ಅಪಾಯದ ಎಚ್ಚರಿಕೆ ತೋರಿಸಿದಾಗ ಅದನ್ನು ದಾಟಿ ಮುಂದುವರಿಯಬಾರದು. ಎಷ್ಟೋ ಬಾರಿ ಹಳೆಯ ಗಣಕದ ಒಳಗಿನ ಸಣ್ಣ ಬ್ಯಾಟರಿ ಮುಗಿದು ದಿನಾಂಕ ಹಿಂದಕ್ಕೆ ಸರಿದಿರುವುದೇ ಆ ಎಚ್ಚರಿಕೆಗೆ ಕಾರಣವಾಗಿರುತ್ತದೆ. ದಿನಾಂಕ ಸರಿಪಡಿಸಿದ ಮೇಲೂ ಎಚ್ಚರಿಕೆ ಕಂಡರೆ ಕೆಲಸ ನಿಲ್ಲಿಸಿ ಬ್ಯಾಂಕಿಗೆ ಕರೆ ಮಾಡುವುದೇ ವಿವೇಕ. ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ನಾಚಿಕೆಯಿಂದ ಕಳೆದ ಪ್ರತಿ ಗಂಟೆಯೂ ವಂಚಕರ ಪಾಲಿಗೆ ಲಾಭ.

ವಾಣಿಜ್ಯ ಸಂಘಗಳ ಹೊಣೆಯೂ ಇಲ್ಲಿ ಕಡಿಮೆಯಿಲ್ಲ. ತೂಕ ಮತ್ತು ಅಳತೆಯ ಪ್ರಾಮಾಣಿಕತೆ ಕಾಯಲು, ಸದಸ್ಯರ ನಡುವಿನ ವ್ಯಾಜ್ಯ ಬಗೆಹರಿಸಲು ವರ್ತಕರು ಒಂದಾಗಿ ನಿಂತ ಪರಂಪರೆ ಈ ನಾಡಿನಲ್ಲಿದೆ. ಅದೇ ಹೊಣೆ ಈಗ ಅಂತರಜಾಲಕ್ಕೂ ವಿಸ್ತರಿಸಬೇಕಾಗಿದೆ. ಸದಸ್ಯರ ಕೈಪಿಡಿಯಲ್ಲಿ ಮುದ್ರಿಸುವ ಜಾಲತಾಣಗಳ ವಿಳಾಸಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ, ಗೂಢಲಿಪಿ ಇಲ್ಲದವರಿಗೆ ತಿಳಿಸುವ ಕೆಲಸ ಒಬ್ಬ ಗುಮಾಸ್ತರಿಂದ ಒಂದು ವಾರದಲ್ಲಿ ಆಗುವಂತಹುದು. ಜಾಲತಾಣ ನಿರ್ಮಾಪಕರೊಡನೆ ಮಾಡಿಕೊಳ್ಳಬೇಕಾದ ಕರಾರಿನ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಹಂಚಬಹುದು. ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಮಾಲೀಕರಿಗಲ್ಲದೆ ಗಣಕದ ಮುಂದೆ ಕೂರುವ ಗುಮಾಸ್ತರಿಗೆ ಅರ್ಧ ದಿನದ ತರಬೇತಿ ನಡೆಸಬಹುದು. ದೊಡ್ಡ ಸಂಸ್ಥೆಗಳಿಗೆ ಇದಕ್ಕಾಗಿ ಪ್ರತ್ಯೇಕ ವಿಭಾಗಗಳಿವೆ. ಸಣ್ಣವರಿಗೆ ಇರುವುದು ಸಂಘವೊಂದೇ.

ಗೂಢಲಿಪಿಯ ಸಂಪರ್ಕ ಗಣಿತಜ್ಞರು ವರ್ತಕರಿಗೆ ಕೊಟ್ಟ ದೊಡ್ಡ ಉಪಕಾರ. ಎಂದೂ ಕಾಣದ ಊರಿನ, ಎಂದೂ ಕಾಣದ ಗಿರಾಕಿಯೊಡನೆ ನಿರ್ಭಯವಾಗಿ ಮಾತಾಡುವ ಅನುಕೂಲ ಅದರಿಂದ ದೊರೆತಿದೆ, ಅದೂ ಇಂದು ಬಹುಮಟ್ಟಿಗೆ ಉಚಿತವಾಗಿ. ಅದನ್ನು ಬಳಸದಿರುವುದು ನಿರ್ಲಕ್ಷ್ಯ. ಅದೊಂದನ್ನೇ ನಂಬಿ ಕೂರುವುದೂ ನಿರ್ಲಕ್ಷ್ಯವೇ. ದಾರಿಯನ್ನು ಗಣಿತವು ಕಾಯುತ್ತದೆ. ವಿಳಾಸವನ್ನು ಓದುವ ಕಣ್ಣು, ಅನುಮಾನ ಬಂದಾಗ ಕರೆ ಮಾಡಿ ವಿಚಾರಿಸುವ ತಾಳ್ಮೆ ಮತ್ತು ಗುಪ್ತಪದವನ್ನು ಬೀಗದಕೈಯಂತೆ ತಮ್ಮಲ್ಲೇ ಇಟ್ಟುಕೊಳ್ಳುವ ಶಿಸ್ತು ವರ್ತಕರದೇ ಆಗಿರಬೇಕು.